ಬೀಜದ ಹುಳ

ಮೊನ್ನೆ ಕಾಸರಗೋಡಿನ ಬಸ್‌ಸ್ಟ್ಯಾಂಡಿನ ಹೊರಗೆ ಒಬ್ಬಾಕೆ ಬುಟ್ಟಿ ತುಂಬ ಗೇರುಹಣ್ಣು ಇಟ್ಟುಕೊಂಡು ಕೂತಿದ್ದಳು. ಆ ವಾಸನೆ ನಿಮಗೆ ಗೊತ್ತಿದ್ದರೆ ನಾನು ವಿವರಿಸಬೇಕಾಗಿಲ್ಲ. ಗೊತ್ತಿಲ್ಲದಿದ್ದರೆ ವಿವರಿಸಿ ಪ್ರಯೋಜನವೂ ಇಲ್ಲ. ಸಿಹಿಯೂ ಹೌದು, ಹುಳಿಯೂ ಹೌದು, ಗಂಟಲು ಕೆರೆಯುವಂಥದ್ದೂ ಹೌದು. ಬಸ್ಸು ಹೊರಡಲಿಕ್ಕಿತ್ತು. ಆದರೂ ನಿಂತುಬಿಟ್ಟೆ.

ಎಣ್ಮಕಜೆಯ ನನ್ನ ಚಿಕ್ಕಮ್ಮನಿಗೆ ಈ ಹಣ್ಣೆಂದರೆ ಜೀವ. ನಮ್ಮ ಕಡೆ ಬೀಜ ಎಂದರೆ ಗೇರುಬೀಜವೇ. ಉಳಿದ ಬೀಜಗಳಿಗೆ ಹೆಸರು ಹಿಡಿದು ಹೇಳಬೇಕು. ಬೀಜ ತಿರುಚಿ ತೆಗೆದು ಹಣ್ಣನ್ನು ಮರದ ಬುಡದಲ್ಲೇ ಎಸೆಯುವುದು ಎಲ್ಲರ ರೂಢಿ. ಚಿಕ್ಕಮ್ಮ ಮಾತ್ರ ಎಸೆದದ್ದನ್ನು ಹೆಕ್ಕಿ ತಂದು, ಹೋಳು ಮಾಡಿ, ಉಪ್ಪು ಸವರಿ ನನಗೆ ಕೊಡುತ್ತಿದ್ದಳು. ಅವಳಿಗೆ ಮಕ್ಕಳಿರಲಿಲ್ಲ. ಶಾಲೆ ಹತ್ತಿರವೆಂದು ಒಂದನೇ ಕ್ಲಾಸಿನಿಂದ ಹತ್ತರವರೆಗೆ ನಾನು ಬೆಳೆದದ್ದು ಅವಳ ಮನೆಯಲ್ಲೇ.

ಮುಂದೆ ನಾನು ಸಂಶೋಧನೆಗೆ ಸೇರಿದೆ. ಕಂಡೂ ಕಾಣದಷ್ಟು ಸಣ್ಣ ದುಂಡುಹುಳ. ಅದರ ಮೈಯೊಳಗೆ ತತ್ತಿ, ವೀರ್ಯಾಣು ಆಗಲಿರುವ ಕೋಶಗಳು ಹೇಗೆ ಬೆಳೆಯುತ್ತವೆ ಎಂಬುದು ವಿಷಯ. ರಜೆಗೆ ಬಂದಾಗ ಚಿಕ್ಕಮ್ಮ, "ಎಂತ ಕಲಿಯುವುದು ನೀನೀಗ?" ಎಂದಳು. "ಹುಳದ ಬೀಜಕೋಶ" ಎಂದೆ, ಗತ್ತಿನಿಂದ. ಎರಡೇ ದಿನದಲ್ಲಿ ಊರಿಗೆಲ್ಲ ಸುದ್ದಿ: ಹುಡುಗಿ ಬೀಜದ ಹುಳದ ಡಾಕ್ಟರಂತೆ! ನೆರೆಮನೆಯ ಐತಪ್ಪಣ್ಣ ತೂತುಬಿದ್ದ ಗೇರುಬೀಜ ಒಂದು ಚೀಲ ತಂದು ಜಗಲಿಯಲ್ಲಿ ಸುರಿದ. "ಇದಕ್ಕೆ ಎಂತಾದರೂ ದಾರಿ ಉಂಟಾ? ಹೆಲಿಕಾಪ್ಟರಿನಲ್ಲಿ ಮೇಲಿಂದ ಬಿಡುವ ಮದ್ದು ಮಾತ್ರ ಹೇಳಬೇಡ, ಅದನ್ನು ಕಂಡು ಸಾಕಾಗಿದೆ." ನನಗೆ ಹುಳ ಕೊಲ್ಲಲು ಬರುವುದಿಲ್ಲ, ಸಾಕಲು ಮಾತ್ರ ಬರುತ್ತದೆ ಎಂದಾಗ ಅವನ ಮುಖ ನೀವು ನೋಡಬೇಕಿತ್ತು.

ಚಿಕ್ಕಮ್ಮನಿಗೆ ನಾಚಿಕೆಯಾಯಿತೋ ಏನೋ, "ಈಗ ಸರಿ ಮಾಡಿ ಹೇಳು" ಎಂದು ಎದುರು ಕೂತಳು. ಕ್ಯಾಲೆಂಡರಿನ ಹಾಳೆಯ ಹಿಂದೆ ಚಿತ್ರ ಬಿಡಿಸಿದೆ. ಆಗಷ್ಟೇ ಮೊಟ್ಟೆಯೊಡೆದ ಮರಿಯಲ್ಲಿ ಜನನಾಂಗವೆಂದರೆ ನಾಲ್ಕೇ ಕೋಶ: ನಡುವೆ ಎರಡು ಬೀಜಕೋಶ, ಆಚೆಗೊಂದು ಈಚೆಗೊಂದು ಕಾವಲು. ಮರಿ ತಿಂದು ಬೆಳೆದಂತೆ ಬೀಜಕೋಶಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುತ್ತವೆ. ಕಾವಲು ಕೋಶಗಳಿಂದ ಹುಟ್ಟಿದ ಒಂದೊಂದು ಕೋಶ ಎರಡೂ ತುದಿಯಲ್ಲಿ ನಿಂತು, ಮುಂದೆ ಸಾಗುತ್ತ, ಜನನಾಂಗದ ಕೊಳವೆಗೆ ದಾರಿ ಮಾಡುತ್ತದೆ. ಆ ತುದಿಯ ಕೋಶದಿಂದ ದೂರ ಸರಿದ ಬೀಜಕೋಶಗಳು, ಒಂದೇ ಹುಳದೊಳಗೆ, ಮೊದಲು ವೀರ್ಯಾಣುಗಳಾಗುತ್ತವೆ, ಆಮೇಲಿನವು ತತ್ತಿಗಳಾಗುತ್ತವೆ.

ಚಿಕ್ಕಮ್ಮ ತುದಿಯ ಕೋಶದ ಮೇಲೆ ಬೆರಳಿಟ್ಟಳು. "ಇದಕ್ಕೆ ಮಕ್ಕಳಿಲ್ವಾ?"

"ಇಲ್ಲ. ಅದು ಬರೀ ಮೈಯ ಕೋಶ. ಹುಳದ ಒಟ್ಟಿಗೇ ಸಾಯ್ತದೆ."

"ಹಾಗಾದರೆ ಅದು ನಾನೇ ಮಾರಾಯ್ತಿ!" ಎಂದು ನಕ್ಕಳು. ನಾನೂ ನಕ್ಕು ಪೆನ್ಸಿಲು ಎತ್ತಿಟ್ಟೆ.

ಪಾಠ ಅಲ್ಲಿಗೆ ಮುಗಿದಿರಲಿಲ್ಲ. ನನ್ನನ್ನು ಇವತ್ತಿಗೂ ಕೊರೆಯುವುದು ಅದೇ. ಆ ತುದಿಯ ಕೋಶವನ್ನು ತೆಗೆದುಬಿಟ್ಟರೆ ಬೀಜಕೋಶಗಳು ಹೆಚ್ಚುವುದನ್ನೇ ನಿಲ್ಲಿಸುತ್ತವೆ. ಇದ್ದಷ್ಟೂ ತತ್ತಿಯೋ ವೀರ್ಯಾಣುವೋ ಆಗಿ ಖರ್ಚಾಗಿಹೋಗುತ್ತವೆ, ಹಿಂದೆ ಏನೂ ಉಳಿಯುವುದಿಲ್ಲ. ಅದು ಪಕ್ಕದಲ್ಲಿದ್ದು "ಅವಸರ ಬೇಡ, ನಾನಿದ್ದೇನೆ" ಅನ್ನುವುದರಿಂದಲೇ ಅವು ಬೀಜವಾಗಿ ಉಳಿಯುವುದು. ಪರೀಕ್ಷೆಯಲ್ಲಿ ಇದನ್ನೇ ಬರೆದು ಶಹಬ್ಬಾಸ್ ಅನ್ನಿಸಿಕೊಂಡವಳು ನಾನು. ಚಿಕ್ಕಮ್ಮನಿಗೆ ಹೇಳಲಿಲ್ಲ. ಮುಂದಿನ ರಜೆಗೆ ಹೇಳಿದರಾಯಿತು ಅಂದುಕೊಂಡೆ. ಹಾಗೆ ಎಷ್ಟೋ ರಜೆಗಳು ಹೋದವು. ಕಳೆದ ಮಳೆಗಾಲ ಅವಳೂ ಹೋದಳು. ಈಗ ಕಾಲೇಜಿನಲ್ಲಿ ವರ್ಷಕ್ಕೊಮ್ಮೆ ಆ ಚಿತ್ರ ಬೋರ್ಡಿನ ಮೇಲೆ ಬಿಡಿಸುವಾಗ ತುದಿಯ ಹತ್ತಿರ ನನ್ನ ಕೈ ತಡೆಯುತ್ತದೆ. ಅವಳನ್ನು ಒಮ್ಮೆ ಎದುರು ಕೂರಿಸಿಕೊಂಡು ಉಳಿದ ಪಾಠ ಹೇಳಬೇಕು ಎಂಬ ಆಸೆ ಹೋಗುವುದೇ ಇಲ್ಲ.

ಹಣ್ಣಿನಾಕೆ ನನ್ನನ್ನು ಅನುಮಾನದಿಂದ ನೋಡಿದಳು. "ಬೀಜ ಎಲ್ಲ ತೆಗೆದಾಗಿದೆ ಅಕ್ಕ. ಬರೀ ಹಣ್ಣು ಉಂಟು. ಆಗಬಹುದಾ?"

"ಬೀಜ ಬೇಡ" ಎಂದೆ. "ನನಗೆ ಹಣ್ಣೇ ಬೇಕು."