ಹುಳು ಜ್ವರಕ್ಕೆ ಕೂತರೆ ಬೆಂಗಳೂರು

ಟೇಕಲ್‌ನಲ್ಲಿ ಬೆಳಗಿನ ಪ್ಯಾಸೆಂಜರ್ ಹತ್ತಿದರೆ ಬಿಸಿಲೇರುವ ಮೊದಲೇ ಬೆಂಗಳೂರಿನಲ್ಲಿ ಇಳಿಯಬಹುದಾಗಿತ್ತು. ಆದರೂ ಆ ದಿನಗಳಲ್ಲಿ ನಮ್ಮ ಅಜ್ಜಿಯ ಊರಿನಿಂದ ಸುಮ್ಮನೆ ಬೆಂಗಳೂರು ನೋಡಲು ಹೋದವರಿರಲಿಲ್ಲ. ಆಸ್ಪತ್ರೆಗೆ ಹೋಗುತ್ತಿದ್ದರು, ಕೋರ್ಟಿಗೆ ಹೋಗುತ್ತಿದ್ದರು, ಮದುವೆ ಸೀರೆಗೆ ಹೋಗುತ್ತಿದ್ದರು. ನಾನು ಮಾತ್ರ ಒಂದೇ ಬೇಸಿಗೆಯಲ್ಲಿ ಮೂರು ಸಲ ಹೋಗಿ ಬಂದೆ. ಮೂರೂ ದಿನಗಳ ತಾರೀಖು, ನೋಡಿದ ಜಾಗ, ತಿಂದ ತಿಂಡಿ, ಕೇಳಿದ ಮಾತು ನನ್ನ ಡೈರಿಯಲ್ಲಿವೆ.

ನಾಲ್ಕನೇ ತರಗತಿ ಮುಗಿಸಿ ಮುಳಬಾಗಿಲಿನಿಂದ ರಜಕ್ಕೆ ಬಂದಿದ್ದೆ. ಅಮ್ಮನ ತಂಗಿ ಪದ್ಮಾ ಚಿಕ್ಕಮ್ಮನಿಗೆ ಆಗ ಗಂಡು ಹುಡುಕುತ್ತಿದ್ದರು. ಗಂಡಿನವರು ಊರಿಗೇ ಬಂದು ನೋಡಿ, ಒಪ್ಪದೆ ಹೋದರೆ ನಲ್ಲಿಯ ಮುಂದೆ ಅದೇ ಮಾತಾಗುತ್ತದೆಂದು ಅಜ್ಜಿಗೆ ಭಯ. ಹಾಗಾಗಿ ನೋಡುವ ಶಾಸ್ತ್ರ ಬೆಂಗಳೂರಿನ ಪಾರ್ಕುಗಳಲ್ಲಿ ನಡೆಯುತ್ತಿತ್ತು, ಯಾರೋ ಯಾರನ್ನೋ ಅಲ್ಲಿ ಅಕಸ್ಮಾತ್ತಾಗಿ ಭೇಟಿಯಾದ ಹಾಗೆ. ಊರಲ್ಲಿ ಕೇಳಿದವರಿಗೆ, "ಮಗೂಗೆ ಬೆಂಗಳೂರು ತೋರಿಸ್ಕೊಂಡ್ ಬರ್ತೀವಿ" ಎನ್ನುವುದು. ಆ ಮಗು ನಾನು.

ಜಾಗ ಗಂಡಿನವರದು, ದಿನ ನಮ್ಮದು. ನಮ್ಮ ದಿನ ಗೊತ್ತು ಮಾಡುತ್ತಿದ್ದುದು ರೇಷ್ಮೆಹುಳು. ಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಆಗೆಲ್ಲ ಸೊಪ್ಪು ಮುಟ್ಟದೆ, ತಲೆಯೆತ್ತಿ, ಅಲುಗದೆ ಒಂದು ದಿನ ಕೂತಿರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಹುಳು ತಿನ್ನುವ ದಿನಗಳಲ್ಲಿ ಬೆಳಗು ಸಂಜೆ ಹಿಪ್ಪುನೇರಳೆ ಸೊಪ್ಪು ಕೊಯ್ದು ಹಾಕುವ ಚಿಕ್ಕಮ್ಮನಿಗೆ ಮನೆ ಬಿಡಲು ಆಗುತ್ತಿರಲಿಲ್ಲ. ಜ್ವರಕ್ಕೆ ಕೂತ ದಿನ ಮಾತ್ರ ಬಿಡುವು. ತಾತ ಹುಳುವಿನ ತಟ್ಟೆಗಳ ಮೇಲೆ ಸುಣ್ಣದ ಪುಡಿ ಉದುರಿಸುತ್ತಾ ಮನೆಯಲ್ಲಿ ಉಳಿಯುತ್ತಿದ್ದರು. ಅಜ್ಜಿ, ಚಿಕ್ಕಮ್ಮ, ನಾನು ಹೊರಡುತ್ತಿದ್ದೆವು.

ಎರಡನೇ ಜ್ವರಕ್ಕೆ ಲಾಲ್‌ಬಾಗ್. ಬಂಡೆಯ ಕೆಳಗೆ ಜಮಖಾನ ಹಾಸಿ, ಚಿತ್ರಾನ್ನದ ಡಬ್ಬಿ ತೆರೆಯುವ ಹೊತ್ತಿಗೆ ಪಕ್ಕದಲ್ಲಿ ಇನ್ನೊಂದು ಜಮಖಾನ ಹಾಸಿಕೊಂಡಿತು. ಅವರೂ ನೆಪಕ್ಕೆ ಒಂದು ಮಗುವನ್ನು ಕರೆತಂದಿದ್ದರು. ದೊಡ್ಡವರು ಮಾತಾಡುತ್ತಿರುವಾಗ ನಾನೂ ಆ ಹುಡುಗನೂ ಬಂಡೆ ಹತ್ತಿದೆವು.

"ನಿಂದು ಇದೇ ಫಸ್ಟಾ?" ಎಂದು ಕೇಳಿದ.

"ಹೂಂ."

"ನಂದು ನಾಲ್ಕನೇ ಸಲ. ನಮ್ಮ ಮಾವಂಗೆ ಯಾರೂ ಹಿಡಿಸಲ್ಲ. ಆ ಕಡೆ ಗೇಟಲ್ಲಿ ಮಾವಿನಕಾಯಿ ಚೆನ್ನಾಗಿರುತ್ತೆ, ಖಾರ ಜಾಸ್ತಿ ಹಾಕಿಸ್ಕೋ."

ಅವನು ಹೇಳಿದ್ದು ನಿಜವಾಗಿತ್ತು. ಗಾಜಿನ ಮನೆ, ತೋಳು ಚಾಚಿದರೂ ಬುಡಕ್ಕೆ ಸಾಲದ ದೊಡ್ಡ ಮರ, ಕೆರೆಯ ಬಾತುಕೋಳಿ, ಎಲ್ಲವನ್ನೂ ಚಿಕ್ಕಮ್ಮ ನನ್ನ ಜೊತೆ ಓಡಾಡಿ ನೋಡಿದಳು. ಅವಳಿಗೂ ಅದು ಮೊದಲ ಸಲವೇ. ಮರುದಿನ ಫೋನ್ ಬಂತು, ಹುಡುಗಿ ಸ್ವಲ್ಪ ಕುಳ್ಳಂತೆ.

"ಬಂಡೆ ಮೇಲೆ ನಿಲ್ಲಿಸಿ ನೋಡಿದ್ರೆ ಉದ್ದ ಕಾಣ್ತಿದ್ದೆ" ಎಂದಳು ಚಿಕ್ಕಮ್ಮ, ಸೊಪ್ಪು ಹೆಚ್ಚುತ್ತಲೇ. ಅಜ್ಜಿ ನಗಲಿಲ್ಲ. ನನಗೆ ಇನ್ನೊಮ್ಮೆ ಹೋಗುತ್ತೇವೆಂಬ ಖುಷಿ.

ಮೂರನೇ ಜ್ವರಕ್ಕೆ ಕಬ್ಬನ್ ಪಾರ್ಕ್. ಮೊದಲು ಮ್ಯೂಸಿಯಂ ನೋಡಿದೆವು. ಆಮೇಲೆ ಬಿದಿರು ಮೆಳೆಯ ಹತ್ತಿರ ಗಂಡಿನವರು ಸಿಕ್ಕರು. ಹುಡುಗನ ತಾಯಿ ಖಾಲಿ ಬಾಟಲಿ ಕೊಟ್ಟು, "ಆ ನಲ್ಲೀಲಿ ನೀರು ಹಿಡ್ಕೊಂಡ್ ಬಾಮ್ಮ" ಎಂದರು. ನೀರಿಗಲ್ಲ, ನಡಿಗೆ ನೋಡಲು ಎಂದು ಚಿಕ್ಕಮ್ಮನಿಗೆ ತಿಳಿಯಿತು. ನನ್ನ ಕೈ ಹಿಡಿದು ನೆಟ್ಟಗೆ ನಡೆದವಳು ನಲ್ಲಿ ದಾಟಿ, ಮಕ್ಕಳ ಪುಟಾಣಿ ರೈಲಿಗೆ ಟಿಕೆಟ್ ತೆಗೆದಳು. ಒಂದು ಸುತ್ತು ಮುಗಿದ ಮೇಲೆ ಇನ್ನೊಂದು ಸುತ್ತು. ರೈಲು ತಿರುಗುವಾಗ ದೂರದಲ್ಲಿ ಅಜ್ಜಿ ಎದ್ದು ನಿಂತು ಹುಡುಕುತ್ತಿದ್ದದ್ದು ಕಾಣಿಸಿತು. ಚಿಕ್ಕಮ್ಮ ಖಾಲಿ ಬಾಟಲಿ ಎತ್ತಿ ಬೀಸಿದಳು.

ವಾಪಸ್ ಬರುವಾಗ ವೈಟ್‌ಫೀಲ್ಡ್ ದಾಟುವವರೆಗೂ ಅಜ್ಜಿ ಮುಖ ಆ ಕಡೆ ತಿರುಗಿಸಿ ಕೂತಿದ್ದಳು. ಆಮೇಲೆ, "ಮಾನ ಕಳೆದ್ಯಲ್ಲೇ. ಅವ್ರು ನಡಿಗೆ ನೋಡ್ಬೇಕು ಅಂತಿದ್ರು" ಎಂದಳು.

"ಕೂತ್ಕೊಂಡು ತೋರಿಸ್ದೆನಲ್ಲಮ್ಮ."

ಪಕ್ಕದ ಸೀಟಿನ ಹೂವಿನವಳು ನಕ್ಕುಬಿಟ್ಟಳು. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸಿಟ್ಟಿಗೋ ನಗುವಿಗೋ ಗೊತ್ತಾಗಲಿಲ್ಲ.

ನಾಲ್ಕನೇ ಜ್ವರ ಕೊನೆಯದು. ಅದು ಕಳೆದರೆ ಹುಳು ಹಗಲು ರಾತ್ರಿ ತಿನ್ನುತ್ತದೆ, ಆಮೇಲೆ ಗೂಡು ಕಟ್ಟುತ್ತದೆ. ಅಷ್ಟರೊಳಗೆ ನನ್ನ ರಜ ಮುಗಿಯುತ್ತಿತ್ತು. ಈ ಸಲ ನೋಡುವ ಹುಡುಗನೂ ಬೇಡವೆಂದರೆ ಮುಂದಿನ ಬೆಳೆಯಲ್ಲೂ ಚಿಕ್ಕಮ್ಮ ಇರುತ್ತಾಳೆ, ದಸರಾ ರಜಕ್ಕೆ ನೋಡಲು ಬೇರೆ ಜಾಗಗಳೂ ಇರುತ್ತವೆ ಎಂಬುದು ನನ್ನ ಲೆಕ್ಕ.

ಆ ಸಲ ಹಲಸೂರು ಕೆರೆ. ಹುಡುಗ ಗಡಿಯಾಚೆಯ ಪಲಮನೇರಿನವನು, ಪಂಪ್‌ಸೆಟ್ ರಿಪೇರಿ ಅಂಗಡಿ. ಕನ್ನಡ ಬರುತ್ತಿತ್ತು, ನಡುನಡುವೆ ತೆಲುಗು. ಎಲ್ಲರಂತೆ ಚಿಕ್ಕಮ್ಮನನ್ನು ದಿಟ್ಟಿಸದೆ ನನ್ನನ್ನೇ ಕೇಳಿದ, "ದೋಣಿ ಹತ್ತೋಣವಾ?" ತುಳಿಯುವ ದೋಣಿ. ಅವರಿಬ್ಬರೂ ತುಳಿಯಲು ಕೂತರು, ನಾನು ಹಿಂದಿನ ಸೀಟಿನಲ್ಲಿ. ಕೆರೆಯ ಪಾಚಿ ವಾಸನೆ, ದಡದಲ್ಲಿ ಸುಡುತ್ತಿದ್ದ ಜೋಳದ ವಾಸನೆ. ಸ್ವಲ್ಪ ದೂರ ಹೋದ ಮೇಲೆ ಅವನು ತುಳಿಯುವುದು ನಿಲ್ಲಿಸಿ ಎರಡು ಕೈಯಲ್ಲೂ ಅಂಚು ಹಿಡಿದುಕೊಂಡ.

"ಏನಾಯ್ತು?" ಎಂದಳು ಚಿಕ್ಕಮ್ಮ.

"ನೀಳ್ಳಂಟೇ ನಾಕು ಭಯಂ" ಎಂದ. ನೀರೆಂದರೆ ಭಯವಂತೆ.

"ನೀರು ಎತ್ತೋ ಪಂಪ್ ರಿಪೇರಿ ಮಾಡೋರು ನೀವು."

"ಅದು ಪೈಪಲ್ಲಿರುತ್ತೆ."

"ಮತ್ತೆ ಯಾಕ್ ಹತ್ತಿದ್ರಿ?"

"ನೀವು ಕೆರೆ ಕಡೇನೇ ನೋಡ್ತಿದ್ರಲ್ಲ, ಅದಕ್ಕೆ."

ಚಿಕ್ಕಮ್ಮ ನಕ್ಕಳು. ಆಮೇಲೆ ಒಬ್ಬಳೇ ತುಳಿದು ದಡಕ್ಕೆ ತಂದಳು. ಹಿಂದೆ ಕೂತ ನನ್ನನ್ನು ಅವಳು ಒಮ್ಮೆಯೂ ತಿರುಗಿ ನೋಡಲಿಲ್ಲ. ನನ್ನ ಲೆಕ್ಕ ತಪ್ಪಿತೆಂದು ನನಗೆ ಅಲ್ಲೇ, ನೀರಿನ ಮೇಲೆಯೇ ಗೊತ್ತಾಯಿತು.

ರೈಲಿನಲ್ಲಿ ಕಿಟಕಿ ಪಕ್ಕ ಅವಳೇ ಕೂತಳು. "ಇನ್ನೂ ಎಷ್ಟು ಜಾಗ ಉಳಿದಿದೆ, ಚಿಕ್ಕಮ್ಮ" ಎಂದೆ. "ಹೂಂ ಕಣೇ, ಎಷ್ಟಿದೆ ಅಲ್ವಾ" ಎಂದಳು, ಹೊರಗೆ ನೋಡುತ್ತಾ. ದೇವನಗುಂದಿ ಬಂದಾಗ ನನ್ನ ತಲೆಯನ್ನು ತನ್ನ ಭುಜಕ್ಕೆ ಒರಗಿಸಿಕೊಂಡಳು. ಅವಳ ಬೆರಳುಗಳಲ್ಲಿ ಇನ್ನೂ ಸೊಪ್ಪಿನ ವಾಸನೆ ಇತ್ತು.

ಗೂಡು ಮಾರಿ ಬಂದ ವಾರ ತಾಂಬೂಲ ಬದಲಾಯಿಸಿದರು. ಮುಂದಿನ ಬೇಸಿಗೆಗೆ ಹೋದಾಗಲೂ ಹುಳು ಜ್ವರಕ್ಕೆ ಕೂತಿತ್ತು. ತಿನ್ನುವ ಸದ್ದು ನಿಂತ, ಚಿಕ್ಕಮ್ಮನೂ ಇಲ್ಲದ ಆ ಮನೆಯಲ್ಲಿ ಅಜ್ಜಿ ಅವರೆಕಾಳು ಹಸನು ಮಾಡುತ್ತಾ ಕೂತಿದ್ದಳು. ಹೊರಡು ಎಂದು ಯಾರೂ ಹೇಳಲಿಲ್ಲ.

ಈಗ ತಾತ ಇಲ್ಲ. ಹಿಪ್ಪುನೇರಳೆ ಕಿತ್ತು ಟೊಮೆಟೊ ಹಾಕಿದ್ದಾರೆ. ಗಂಡು ಹೆಣ್ಣು ಫೋಟೋದಲ್ಲೇ ಮುಕ್ಕಾಲು ನೋಡಿ ಮುಗಿಸುತ್ತಾರೆ. ಮಾಲೂರಿನಲ್ಲಿ ಕೆಲಸಕ್ಕಿರುವ ನಾನು ಬೇಕೆಂದಾಗ ಬೆಂಗಳೂರಿಗೆ ಹೋಗಬಲ್ಲೆ. ಆಗ ಉಳಿದಿದ್ದ ಜಾಗಗಳನ್ನೆಲ್ಲ ಒಬ್ಬಳೇ ನೋಡಿದ್ದೇನೆ, ತಾರಾಲಯ, ಬನ್ನೇರುಘಟ್ಟದ ಹುಲಿ, ಅರಮನೆ. ತಾರೀಖು ಬರೆದಿಟ್ಟಿದ್ದೇನೆ. ಅದರ ಮುಂದೆ ಬರೆಯಲು ಯಾರ ಮಾತೂ ಇರುವುದಿಲ್ಲ.

ಮೇ ತಿಂಗಳಲ್ಲಿ ಚಿಕ್ಕಮ್ಮನಿಗೆ ಫೋನ್ ಮಾಡಿ, "ಒಂದು ದಿನ ಬಾ, ಇಬ್ಬರೇ ಸುತ್ತೋಣ" ಎಂದೆ.

"ಯಾರನ್ನ ನೋಡೋಕೇ?" ಎಂದು ನಕ್ಕಳು.

"ಯಾರನ್ನೂ ಇಲ್ಲ. ನಾವಿಬ್ರೇ."

ಆ ಕಡೆ ಅಂಗಡಿಗೆ ಯಾರೋ ಬಂದರು. ಅವರೊಡನೆ ತೆಲುಗಿನಲ್ಲಿ ಮಾತಾಡಿ ಮುಗಿಸಿ ಫೋನಿಗೆ ಮರಳಿದಳು. "ಬರ್ತೀನಿ ಕಣೇ. ಮಳೆಗಾಲ ಒಂದು ಕಳೀಲಿ" ಎಂದಳು.

ಮಳೆಗಾಲ ಕಳೆಯಿತು. ಈಗ ಅವರೆ ಹೂ ಬಿಟ್ಟಿದೆ.