ಚಿಲಕದ ಮೇಲಿನ ಕೈ

ಕಳೆದ ವಾರ ತಂಗಿಯ ಮೊಮ್ಮಗಳು ನನ್ನ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಶೀಸೆಯ ಮುಚ್ಚಳ ತೆಗೆದದ್ದೇ ತಡ, ಆ ಘಾಟು ಬಂದು ಮೂಗಿಗೆ ಬಡಿಯಿತು. ಹೊಲಿಗೆ ಮಷೀನಿನ ಗಾಲಿಯ ಮೇಲಿದ್ದ ನನ್ನ ಕೈ ಅಲ್ಲಿಯೇ ನಿಂತಿತು. ಯಾಕೆ ಬೆವರುತ್ತಿದ್ದೀ ಎಂದು ಹುಡುಗಿ ಕೇಳಿದಳು. ಸೆಕೆ ಎಂದೆ. ಸುಳ್ಳು ಹೇಳಿದೆ, ಅದು ಹೆದರಿಕೆ. ಸಿನಿಮಾ ರೀಲು ಹರಿದರೆ ಜೋಡಿಸುವ ಅಂಟಿಗೂ ಇದೇ ವಾಸನೆ ಇರುತ್ತಿತ್ತು... ಮೂವತ್ತು ವರ್ಷದ ಮೇಲಾಯಿತು, ನನ್ನ ಮೂಗು ಮಾತ್ರ ಇನ್ನೂ ಆಪರೇಟರ್ ಕಾಕಾರ ಕೋಣೆಯಲ್ಲಿಯೇ ಇದೆ.

ಬೆಟಗೇರಿಯ ನಮ್ಮ ಓಣಿಗೆ ಆತುಕೊಂಡಿದ್ದ ಟಾಕೀಜಿನಲ್ಲಿ ಮಷೀನು ನಡೆಸುತ್ತಿದ್ದವರು ಅವರು. ಸಂಬಂಧದಲ್ಲಿ ನನಗೆ ಏನೂ ಅಲ್ಲ. ಊರೆಲ್ಲ ಕಾಕಾ ಅನ್ನುತ್ತಿತ್ತು, ನಾನೂ ಅಂದೆ. ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವರು. ಹೆದರಿಕೆಯಲ್ಲಿ ಮಾತ್ರ ನಾವಿಬ್ಬರೂ ಒಂದೇ ವಾರಿಗೆಯವರು. ನಾನು ಹಲ್ಲಿ ಲೊಚಗುಟ್ಟಿದರೆ ಆ ದಿನ ಹೊಸ ಅರಿವೆಗೆ ಕತ್ತರಿ ಹಾಕುವವಳಲ್ಲ. ಅವರೋ, ಮಾಲೀಕರು ಮೆಟ್ಟಿಲು ಹತ್ತುವ ಸದ್ದು ಕೇಳಿದರೆ ಮಾಡದ ತಪ್ಪಿಗೂ ಎದ್ದು ನಿಲ್ಲುವವರು. ಮಾಲೀಕರು ಕೆಟ್ಟವರೇನಲ್ಲ. ಆದರೆ ಕಾಕಾರಿಗೆ ಆ ಕೆಲಸ ಬಿಟ್ಟರೆ ಬೇರೆ ಗೊತ್ತಿರಲಿಲ್ಲ, ಮನೆಯಲ್ಲಿ ಉಣ್ಣುವ ಬಾಯಿ ಆರು.

ಅವರಿಗೆ ಇದ್ದದ್ದು ಒಂದೇ ಹುಚ್ಚು, ಒಬ್ಬ ನಿರ್ದೇಶಕರ ಚಿತ್ರಗಳದ್ದು. ಆ ಹುಚ್ಚು ನನಗೂ ಇತ್ತು. ಹೆಂಗಸಾದ್ದರಿಂದ ಯಾರಿಗೂ ಕಾಣುತ್ತಿರಲಿಲ್ಲ ಅಷ್ಟೇ. ಕಾಣುವ ಹುಚ್ಚರು ಮೂವರು ನನ್ನ ಕಟ್ಟೆಯ ಮೇಲೆ ಕೂಡುತ್ತಿದ್ದರು: ಮುಂಡರಗಿ ಬಸ್ಸಿನ ಕಂಡಕ್ಟರ್, ಲಕ್ಷ್ಮೇಶ್ವರದಿಂದ ಬಂದು ಇಲ್ಲಿ ಶಾಲೆ ಕಲಿಸುತ್ತಿದ್ದ ಮಾಸ್ತರು, ಎದುರು ಸಾಲಿನ ನೇಕಾರ. ನಿರ್ದೇಶಕರನ್ನು ಅವರು ಸಾಹೇಬರು ಎಂದೇ ಕರೆಯುತ್ತಿದ್ದರು. ಚಿತ್ರದ ಹೆಸರು ಹೇಳುವುದು ಅವರಲ್ಲಿ ಕಡಿಮೆ ಮರ್ಯಾದೆ. ಹೆಸರು ಬರೀ ಪೋಸ್ಟರ್ ನೋಡಿದವನಿಗೂ ಗೊತ್ತಿರುತ್ತದಲ್ಲ! ಚಿತ್ರದೊಳಗಿನ ಒಂದು ವಸ್ತು ಹಿಡಿದೇ ಮಾತು. ಬಾವಿ ಚಿತ್ರ, ಟಾಂಗಾ ಚಿತ್ರ, ಕಂದೀಲು ಚಿತ್ರ. ಸಾಹೇಬರದು ಹೊಸದೊಂದು ಬಂದು ಹೋದ ಮೇಲೆ, ಅರಿವೆಗೆ ಗುರುತು ಹಾಕುವ ನನ್ನ ಚಾಕ್‌ಪೀಸಿನಿಂದ ಅಂಗಡಿಯ ಹಲಗೆ ಬಾಗಿಲ ಒಳಮೈಗೆ ಮೊದಲನೆಯದು, ಎರಡನೆಯದು ಎಂದು ಹೊಸ ಪಟ್ಟಿ ಬರೆಯುವುದು ಪದ್ಧತಿ. ಜಗಳವಾಗದೆ ಒಂದು ಅಂಕಿಯೂ ಬೀಳುತ್ತಿರಲಿಲ್ಲ. ಬಾವಿ ಮೇಲೋ ಟಾಂಗಾ ಮೇಲೋ ಎಂದು ಕಂಡಕ್ಟರ್ ಮತ್ತು ಮಾಸ್ತರು ಒಂದು ತಿಂಗಳು ಮಾತು ಬಿಟ್ಟಿದ್ದರು. ಮಾತು ಬಿಟ್ಟರೂ ಮಿರ್ಚಿ ಭಜಿ ತಿನ್ನುತ್ತಿದ್ದದ್ದು ಒಂದೇ ತಟ್ಟೆಯಲ್ಲಿ.

ಹೀಗಿರುವಾಗ ಸಾಹೇಬರ ಮತ್ತೊಂದು ಚಿತ್ರ ಬಂತು. ಮೊದಲ ಆಟ ಮಧ್ಯಾಹ್ನಕ್ಕೆ. ರೀಲಿನ ಡಬ್ಬಿಗಳು ಬೆಳಗಿನ ರೈಲಿಗೆ ಬಂದಿದ್ದವು, ಅವುಗಳ ಜೊತೆ ಬಂದ ವಿತರಕರ ಆಳು ಲಾಡ್ಜಿನಲ್ಲಿ ಗೊರಕೆ ಹೊಡೆಯುತ್ತಿದ್ದ. ಹೊಸ ಪ್ರಿಂಟನ್ನು ಖಾಲಿ ಟಾಕೀಜಿನಲ್ಲಿ ಅಲ್ಲಲ್ಲಿ ಓಡಿಸಿ ನೋಡುವುದು ಕಾಕಾರ ರೂಢಿ. ಕೊನೆಯ ರೀಲು ಹಚ್ಚಿ, ಅದು ಓಡುತ್ತಿರುವಾಗಲೇ ಅವರು ಕೆಳಗಿಳಿದು ಬಂದರು. ಕಟ್ಟೆಯ ಮೇಲೆ ಮೂವರೂ ಇನ್ನೂ ನೋಡಿಯೇ ಇಲ್ಲದ ಚಿತ್ರಕ್ಕೆ ಎಷ್ಟನೆಯ ಸ್ಥಾನ ಎಂದು ಕಾದಾಡುತ್ತಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ! ಕಾಕಾ ಎರಡು ನಿಮಿಷ ಕೇಳಿ ಹೋಗುತ್ತೇನೆಂದು ನಿಂತರು. ಮಾಸ್ತರು ಮಾತಿನ ಭರದಲ್ಲಿ ಕಂದೀಲು ಚಿತ್ರವನ್ನು ಐದನೆಯದಕ್ಕೆ ಇಳಿಸಿದಾಗ ಸುಮ್ಮನಿರಲಾಗದೆ ತಾವೂ ಬಾಯಿ ಹಾಕಿದರು. ಅಲ್ಲಿಗೆ ಕೆಟ್ಟಿತು.

ಮೇಲೆ, ಓಡಿದ ರೀಲನ್ನು ಸುತ್ತಿಕೊಳ್ಳುವ ಚಕ್ರದ ಪಟ್ಟಿ ಹರಿದಿತ್ತು. ರೀಲು ಸುತ್ತಿಕೊಳ್ಳದೆ ನೆಲಕ್ಕೆ ಸುರಿಯಿತು. ಸುರಿದದ್ದಾದರೂ ಎಲ್ಲಿ, ಉರಿದುಳಿದ ಬಿಸಿ ಕಾರ್ಬನ್ ಕಡ್ಡಿಗಳನ್ನು ಹಾಕುವ ಡಬ್ಬಿಯ ಮೇಲೆ.

ಮೇಲೆ ಹೋಗಿ ಮಷೀನು ನಿಲ್ಲಿಸಿದ ಕಾಕಾ ಮರಳಿ ಬಂದದ್ದು ನನ್ನ ಅಂಗಡಿಯ ಹಿಂಬಾಗಿಲಿಗೆ. ಮುಖ ಬೂದಿ ಬಳಿದ ಹಾಗಿತ್ತು.

"ಯವ್ವಾ, ಕತ್ರಿ ತಗೊಂಡು ಮ್ಯಾಲ ಬಾ. ಏನೂ ಕೇಳಬ್ಯಾಡ."

ದರ್ಜಿಯ ಕತ್ತರಿಯನ್ನು ಯಾರೂ ಬೇಡುವುದಿಲ್ಲ. ಅದು ಕೈ ಬದಲಾಗಬಾರದು, ಅರಿವೆ ಬಿಟ್ಟು ಬೇರೆ ಏನನ್ನೂ, ಒಂದು ಚೂರು ಕಾಗದವನ್ನೂ ಕತ್ತರಿಸಬಾರದು. ಅದು ಗೊತ್ತಿದ್ದೇ ಅವರು ಕತ್ತರಿಯನ್ನು ಕೇಳದೆ ನನ್ನನ್ನೇ ಕರೆದರು. ಅಪಶಕುನವೆಂದು ಹೆದರಿದೆ. ಆದರೂ ಹೋದೆ.

ಕೋಣೆಯ ತುಂಬ ಹೊಗೆ. ರೀಲು ಬೆಲ್ಲದ ಪಾಕದ ಹಾಗೆ ಕರಗಿ ಡಬ್ಬಿಗೆ ಹತ್ತಿಕೊಂಡಿತ್ತು. ಅದನ್ನು ಎಳೆಯಲು ಹೋಗಿ ಕಾಕಾರ ಬಲಗೈ ಅಂಗೈಯೆಲ್ಲ ಬೊಬ್ಬೆ ಎದ್ದಿತ್ತು. ಕಿಟಕಿಯಿಂದ ನೋಡಿದರೆ ಸೊರಟೂರ, ಅಸುಂಡಿ, ಕಣಗಿನಹಾಳದಿಂದ ಟೆಂಪೋ ಮಾಡಿಕೊಂಡು ಬಂದವರು ಸಾಲು ಹಚ್ಚಿದ್ದರು. ಆಟಕ್ಕೆ ಒಂದು ತಾಸೂ ಉಳಿದಿರಲಿಲ್ಲ. ಕಾಕಾ ಎಡಗೈಯಲ್ಲಿ ಉಳಿದ ರೀಲನ್ನು ದೀಪಕ್ಕೆ ಹಿಡಿದರು. ಒಬ್ಬ ಮುದುಕಿ. ಬಾಗಿಲ ಆಚೆ ಎಷ್ಟೋ ವರ್ಷದ ಕೆಳಗೆ ಮನೆ ಬಿಟ್ಟು ಓಡಿಹೋದ ಮಗ ಬಂದು ಕದ ಬಡಿಯುತ್ತಿದ್ದಾನೆ. ಮುದುಕಿ ಎದ್ದು ಬಂದು ಚಿಲಕದ ಮೇಲೆ ಕೈ ಇಡುತ್ತಾಳೆ. ಅಲ್ಲಿಂದ ಮುಂದೆ ಸುಟ್ಟು ಕರಕಲು. ಕಟ್ಟಕಡೆಯ 'ಶುಭಂ' ಇನ್ನೂ ಮೇಲಿನ ಚಕ್ರದಲ್ಲಿತ್ತು, ಅದೊಂದು ಉಳಿದಿತ್ತು.

ಅವರು ಚಿಲಕದ ಮೇಲೆ ಕೈ ಇದ್ದ ಕಡೆ ಬೆರಳಿಟ್ಟು, ಇಲ್ಲಿ ಕಡಿ ಎಂದರು.

"ಮುಂದ ಏನೈತ್ರಿ ಕಾಕಾ?"

"ನಾನೂ ನೋಡಿಲ್ಲವ್ವಾ."

ಕಡಿದೆ. ಅವರು ಎಡಗೈಯಲ್ಲಿ ತಡವರಿಸುತ್ತ ಅಂಟು ಹಚ್ಚಿ 'ಶುಭಂ' ಜೋಡಿಸಿದರು. ಸುಟ್ಟದ್ದನ್ನೆಲ್ಲ ನಾನು ಚಿಂದಿಯ ಚೀಲದಲ್ಲಿ ಅಡಗಿಸಿ ಒಯ್ದು ತಿಪ್ಪೆಯಲ್ಲಿ ಹುಗಿದೆ.

ಆ ಮಧ್ಯಾಹ್ನ ಹೆಂಗಸರ ಸಾಲಿನಲ್ಲಿ ಸೆರಗು ಕಚ್ಚಿಕೊಂಡು ಕುಳಿತಿದ್ದೆ. ಚಿತ್ರ ಏನು ನೋಡಿದೆನೋ ದೇವರಿಗೇ ಗೊತ್ತು. ಚಿಲಕದ ಮೇಲೆ ಕೈ ಬಂತು. ಶುಭಂ. ದೀಪ ಹತ್ತಿದವು. ಈಗ ಸೀಟಿ, ಈಗ ಕುರ್ಚಿ ಮುರಿಯುತ್ತಾರೆ, ಈಗ ಮಾಲೀಕರು ಮೇಲೆ ಓಡುತ್ತಾರೆ ಎಂದು ಕಣ್ಣು ಮುಚ್ಚಿದೆ. ಏನೂ ಇಲ್ಲ. ಪಕ್ಕದಲ್ಲಿದ್ದ ಅಸುಂಡಿಯ ಹೆಂಗಸು ಮೂಗು ಒರೆಸಿಕೊಂಡು, ಪಾಪ, ತೆಗೆದಳೋ ಇಲ್ಲವೋ ಎಂದಳು. ಅಷ್ಟೇ ಆದದ್ದು.

ಬೇರೆ ಊರುಗಳಲ್ಲಿ ಎರಡು ವಾರಕ್ಕೆ ಮಲಗಿದ ಚಿತ್ರ ನಮ್ಮಲ್ಲಿ ತಿಂಗಳುಗಟ್ಟಲೆ ಓಡಿತು. ನೋಡಿದವರೆಲ್ಲ ಎರಡು ಪಂಗಡ: ಬಾಗಿಲು ತೆಗೆದಳು ಅನ್ನುವವರು, ತೆಗೆಯಲಿಲ್ಲ ಅನ್ನುವವರು. ಜಂಪರಿನ ಅಳತೆ ಕೊಡಲು ಬಂದವರೂ ಅದನ್ನೇ ಮಾತನಾಡುತ್ತಿದ್ದರು. ನನ್ನ ಹಲಗೆಯ ಮೇಲೆ ಬಾಗಿಲು ಚಿತ್ರ ಮೊದಲ ಸ್ಥಾನಕ್ಕೆ ಏರಿತು, ಆಮೇಲೆ ಇಳಿಯಲೇ ಇಲ್ಲ. ಮಾಸ್ತರು ಬಂದವರಿಗೆಲ್ಲ ಬಿಡಿಸಿ ಹೇಳುತ್ತಿದ್ದರು: "ಬಾಗಲಾ ತಗದದ್ದು ಯಾರ ಬೇಕಾದ್ರೂ ತೋರಸ್ತಾರ. ತೋರಸದ ಬಿಡಾಕ ಎದಿ ಬೇಕು." ಆಗೆಲ್ಲ ಕಾಕಾ ಚಹಾದ ಬಸಿ ಕೆಳಗಿಟ್ಟು ಬಲಗೈ ಮಡಚಿಕೊಳ್ಳುತ್ತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನಾನು ಕತ್ತರಿಯನ್ನು ಅರಿವೆಯ ಕೆಳಗೆ ಸರಿಸುತ್ತಿದ್ದೆ. ಯಾರಾದರೂ ಹುಬ್ಬಳ್ಳಿಯಲ್ಲಿ ನೋಡಿ ಬಂದರೆ? ಟಿವಿಯಲ್ಲಿ ಬಂದರೆ? ಟಿವಿಯವರು ಆ ಸೋತ ಚಿತ್ರವನ್ನು ಕೇಳಲಿಲ್ಲ, ಪುಣ್ಯ. ಆದರೆ ಹೊಸ ವಾರದ ಕಾರ್ಯಕ್ರಮ ಪೇಪರಿನಲ್ಲಿ ಬಂದಾಗಲೆಲ್ಲ ನಾನು ಮೊದಲು ಅದನ್ನೇ ಓದುತ್ತಿದ್ದೆ. ವರ್ಷಗಟ್ಟಲೆ ಓದಿದೆ.

ಟಾಕೀಜು ಮುಚ್ಚಿತು. ಮಾಲೀಕರು ತೀರಿಕೊಂಡರು. ಕಟ್ಟೆಯ ವಾದ ವಾಟ್ಸಾಪ್ ಗುಂಪಿಗೆ ಹೋಯಿತು, ಅಲ್ಲಿಯೂ ಬಾಗಿಲು ಚಿತ್ರವೇ ಮೊದಲು. ನಾಲ್ಕು ವರ್ಷದ ಹಿಂದೆ ಕಂಡಕ್ಟರ್ ಹೇಗೋ ಸಾಹೇಬರ ನಂಬರ್ ಹುಡುಕಿ ಅವರನ್ನು ಗದಗಿಗೆ ಕರೆದ. ಮುದುಕರಾಗಿದ್ದ ಸಾಹೇಬರು ಖುಷಿಯಿಂದ ಒಪ್ಪಿ, ತಮ್ಮ ಹತ್ತಿರವಿರುವ ಪೂರ್ತಿ ಪ್ರತಿಯನ್ನೇ ತರುತ್ತೇನೆಂದರು. ಚಿತ್ರ ತೋರಿಸಿದ ಆಪರೇಟರ್ ಎಂದು ಕಾಕಾರಿಗೂ ಶಾಲು ಹೊದಿಸುವುದು ಎಂದಾಯಿತು.

ಅದನ್ನು ಕೇಳಿದ ಮರುದಿನ ಕಾಕಾ ಕೋಲೂರಿಕೊಂಡು ಅದೇ ಹಿಂಬಾಗಿಲಿಗೆ ಬಂದರು. ಅವರ ಮುಖದಲ್ಲಿ ಹೆದರಿಕೆ ಇತ್ತು, ಆದರೆ ಈ ಸಲ ಅದರ ಜೊತೆ ಬೇರೆ ಏನೋ ಇತ್ತು.

"ಯವ್ವಾ, ಸಾಹೇಬ್ರ ಮುಂದ ಹೇಳಿಬಿಡ್ತೀನಿ. ನಿನ್ನ ಹೆಸರು ತರಂಗಿಲ್ಲ."

ಬೇಡ ಎಂದೆ. ಈ ವಯಸ್ಸಿನಲ್ಲಿ ಮಂದಿಯ ಕೈಲಿ ಅನ್ನಿಸಿಕೊಳ್ಳುವುದು ಯಾಕೆ, ಹೊದಿಸಿದ ಶಾಲು ಕಿತ್ತುಕೊಂಡಾರು ಎಂದೆ. ಅವರ ಮೇಲಿನ ಮರುಕ ಅನ್ನುವ ಹಾಗೆ ಹೇಳಿದೆ. ಖರೆ ಹೇಳಬೇಕೆಂದರೆ ನನ್ನ ಸಲುವಾಗಿಯೇ ಹೇಳಿದೆ. ಅವರು ಹೆಸರು ತರದಿದ್ದರೂ, ಕತ್ತರಿ ಯಾರದು ಎಂದು ಯಾರಾದರೂ ಕೇಳದೆ ಬಿಡುತ್ತಾರೆಯೇ? ಆ ಕಟ್ಟೆಯ ಮಂದಿಯ ಮನೆಯ ಹೆಂಗಸರ ಜಂಪರ್ ಹೊಲಿದೇ ನಾನು ಬದುಕಿದ್ದು. ಕಾಕಾ ಕೋಲೂರಿ ಎದ್ದು ಹೋದರು.

ಶಾಲೆಯೊಂದರ ಸಭಾಂಗಣದಲ್ಲಿ ಪರದೆ ಕಟ್ಟಿ ಚಿತ್ರ ಹಚ್ಚಿದರು. ಚಿಲಕದ ಮೇಲೆ ಕೈ ಬಂತು. ಮಂದಿ ಚಪ್ಪಾಳೆಗೆ ಕೈ ಎತ್ತಿದರು. ಆಗ ಚಿಲಕ ಸರಿಯಿತು, ಬಾಗಿಲು ತೆರೆಯಿತು. ಮಗ ತಾಯಿಯ ಕಾಲ ಮೇಲೆ ಬಿದ್ದ. ಅಳು, ಅಪ್ಪುಗೆ, ಆಮೇಲೆ ಒಂದು ಹಾಡು, ನೆರೆಹೊರೆಯವರೆಲ್ಲ ಬಂದು ಸಾಲಾಗಿ ನಿಂತರು. ಎತ್ತಿದ ಕೈಗಳು ಹಾಗೇ ಇಳಿದವು. ಗುಜುಗುಜು ಎದ್ದಿತು. ದೀಪ ಹಾಕುತ್ತಲೇ ಕಂಡಕ್ಟರ್ ಎದ್ದು ನಿಂತ.

"ಸಾಹೇಬ್ರ, ಇದು ನಿಮ್ಮದಲ್ರಿ. ಕಡೀಕ ಯಾರೋ ಬ್ಯಾರೇದ ತಂದು ಹಚ್ಚ್ಯಾರ."

ಸಾಹೇಬರು ಚೇಷ್ಟೆ ಎಂದುಕೊಂಡು ನಕ್ಕರು. ನೀವು ನೋಡಿದ್ದೇನು ಎಂದು ಕೇಳಿದರು. ಮಾಸ್ತರು ಹೇಳಿದರು. ಸಾಹೇಬರ ನಗು ನಿಂತಿತು. ಕನ್ನಡಕ ತೆಗೆದು ಒರೆಸುತ್ತ, ತಾವೂ ಹದಿನಾರಕ್ಕೆ ಮನೆ ಬಿಟ್ಟು ಓಡಿಹೋದವರು, ಎಷ್ಟೋ ವರ್ಷದ ಮೇಲೆ ಬಂದಾಗ ತಾಯಿ ಒಂದು ಮಾತೂ ಕೇಳದೆ ಬಾಗಿಲು ತೆಗೆದಳು, ಅದೊಂದನ್ನು ತೋರಿಸಲಿಕ್ಕೇ ಈ ಚಿತ್ರ ಮಾಡಿದ್ದು ಎಂದರು. ಆಮೇಲೆ ಮೆಲ್ಲಗೆ ಕೇಳಿದರು, ಹಾಗಾದರೆ ಇದು ನಿಮ್ಮ ಪಟ್ಟಿಯಲ್ಲಿ ಎಷ್ಟನೆಯದು?

ಮಾಸ್ತರಿಗೆ ಸುಳ್ಳು ಬರುವುದಿಲ್ಲ, ಅದೊಂದು ಅವರ ಖೋಡಿ. ತಲೆ ತಗ್ಗಿಸಿ, ಆರನೆಯದು ಎಂದರು.

ಮುಂದಿನ ಸಾಲಿನಲ್ಲಿ ಕಾಕಾ ಎದ್ದರು. ಮೊದಲೇ ಹೊದಿಸಿದ್ದ ಶಾಲು ಜಾರಿ ನೆಲಕ್ಕೆ ಬಿತ್ತು. ಬಾಯಿ ತೆರೆಯುವ ಮುಂಚೆ ಅವರ ಕಣ್ಣು ಹೆಂಗಸರ ಸಾಲಿನಲ್ಲಿ ನನ್ನನ್ನು ಹುಡುಕಿತು. ನಾನು ಬೇಡ ಎಂದು ತಲೆಯಾಡಿಸಿದೆ. ಅವರು ಒಂದು ಗಳಿಗೆ ನಿಂತಿದ್ದು, ಶಾಲು ಎತ್ತಿಕೊಳ್ಳಲು ಎದ್ದವರ ಹಾಗೆ ಬಗ್ಗಿ, ಅದನ್ನು ಎತ್ತಿಕೊಂಡು ಕುಳಿತರು. ಸಾಹೇಬರು ಊಟ ಮಾಡದೆ ಹೊರಟುಹೋದರು.

ಮುಂದಿನ ಶ್ರಾವಣದೊಳಗೆ ಕಾಕಾ ಹಾಸಿಗೆ ಹಿಡಿದರು. ನೋಡಲು ಹೋದಾಗ ಅವರ ಬಲಗೈ ನನ್ನ ಕೈಯಲ್ಲಿತ್ತು, ಅಂಗೈಯಲ್ಲಿ ಒಂದು ಗೆರೆಯೂ ಉಳಿದಿರಲಿಲ್ಲ. ಸಭೆಯ ಮಾತನ್ನು ಅವರು ಎತ್ತಲಿಲ್ಲ. ಒಂದೇ ಕೇಳಿದರು.

"ಬಾಗಲಾ ತಗದಳಲ್ಲ ಯವ್ವಾ?"

ತೆಗೆದಳು ಎಂದೆ. ಚಲೋ ಆತು ಎಂದು ಕಣ್ಣು ಮುಚ್ಚಿದರು. ಅಷ್ಟು ವರ್ಷ ಕಟ್ಟೆಯ ಮೇಲೆ ಒಂದು ಪಂಗಡಕ್ಕೂ ಸೇರದೆ ಕುಳಿತಿದ್ದ ಮನುಷ್ಯ... ಎರಡು ದಿನಕ್ಕೆ ಹೋದರು.

ಈಗ ಸಾಹೇಬರೂ ಇಲ್ಲ. ಈ ತಿಂಗಳ ಮೊದಲಲ್ಲಿ ಪೇಪರಿನಲ್ಲಿ ಸಣ್ಣ ಫೋಟೊ ಬಂದಿತ್ತು. ಅವರ ನೆನಪಿಗೆ ಗುಂಪಿನವರು ಕಡೆಯ ಪಟ್ಟಿ ಮಾಡುತ್ತಿದ್ದಾರೆ. ನಿವೃತ್ತನಾದ ಕಂಡಕ್ಟರ್ ನಾಳೆ ಭಾನುವಾರ ಬಂದು ನನ್ನ ಹಳೆಯ ಹಲಗೆಯ ಮೇಲೆಯೇ ಅದನ್ನು ಬರೆದು ಫೋಟೊ ತೆಗೆಯುತ್ತಾನಂತೆ. ಕೊನೆ ಕತ್ತರಿಸಿದ್ದು ಯಾರು ಎಂಬುದನ್ನೂ ಅವರು ಇತ್ಯರ್ಥ ಮಾಡಿದ್ದಾರೆ: ದಿನಕ್ಕೆ ಒಂದು ಆಟ ಹೆಚ್ಚು ಹಾಕಲು ಟಾಕೀಜಿನ ಮಾಲೀಕರೇ ಕತ್ತರಿಸಿರಬೇಕು, ಕಾಕಾ ಪಾಪ ಪುಕ್ಕಲು, ಮಾಲೀಕರಿಗೆ ಹೆದರಿ ಕಡೆತನಕ ಬಾಯಿ ಬಿಡಲಿಲ್ಲ. ಅದನ್ನೂ ಪಟ್ಟಿಯ ಕೆಳಗೆ ಬರೆಯುತ್ತಾರಂತೆ. ಮಾಲೀಕರ ಮಗಳು ಇಂದಿಗೂ ನನ್ನ ಹತ್ತಿರವೇ ಜಂಪರ್ ಹೊಲಿಸುತ್ತಾಳೆ.

ಕಂಡಕ್ಟರ್ ಚಾಕ್‌ಪೀಸು ಕೇಳುವ ಮುಂಚೆ ಈ ಹಾಳೆಗಳನ್ನು ಅವನ ಕೈಗೆ ಕೊಡಬೇಕೆಂದು ಇದನ್ನು ಬರೆದೆ. ಬರೆಯುವಾಗ ಎರಡು ಸಲ ಹರಿದು ಹಾಕಿದೆ. ಕೇಳಬೇಕಾಗಿದ್ದ ಸಾಹೇಬರು, ಕಾಕಾ ಇಬ್ಬರೂ ಹೋದ ಮೇಲೆ ಹೇಳುವುದಕ್ಕೇನು ಬೆಲೆ ಎಂದು ಅನ್ನಲಿ, ನಾಳೆಯಿಂದ ಯಾರೂ ನನ್ನ ಕಟ್ಟೆ ಹತ್ತದಿರಲಿ. ಪಟ್ಟಿಯಲ್ಲಿ ಯಾವುದನ್ನು ಬೇಕಾದರೂ ಮೇಲೆ ಇಟ್ಟುಕೊಳ್ಳಲಿ. ಕಾಕಾರನ್ನು ಮಾತ್ರ ಪುಕ್ಕಲು ಎಂದು ಬರೆಯಬಾರದು. ಅವರು ಆ ದಿನ ಹೇಳಲಿಕ್ಕೆಂದೇ ಎದ್ದಿದ್ದರು. ಕುಳ್ಳಿರಿಸಿದವಳು ನಾನು.