ಖಾಲಾ ಊರಿದ ಕಿರುಬೆರಳು

“ಗೆರೆ ಹಾರ್ತೈತೆ ನೋಡು ಬೇಟಿ. ನಿನ್ನ ಆ್ಯಪ್‌ಗೆ ನನ್ನ ಕೈ ಹಿಡಿಸ್ಲಿಲ್ಲ,” ಎಂದು ಜೈನಾಬಿ ಖಾಲಾ ತಮ್ಮ ಫೋನನ್ನು ನನ್ನತ್ತ ಚಾಚಿದರು. ಚಳ್ಳಕೆರೆ, ಮೊಳಕಾಲ್ಮೂರಿನ ಮದುವೆ ಮನೆಗಳಲ್ಲಿ ಮೆಹಂದಿ ಹಾಕುವವರು ಅವರು. ಮೆಹಂದಿ ಚಿತ್ತಾರ ಬಿಡಿಸಲೆಂದೇ ನಾನು ಆ ಆ್ಯಪ್ ಮಾಡಿದ್ದೆ. ನನ್ನ ಫೋನಿನಲ್ಲಿ ಅವರೇ ಬಿಡಿಸಿದಾಗ ಬಳ್ಳಿ ಚೆಂದವಾಗಿ ಮೂಡಿತ್ತು. ಅವರ ಫೋನಿನಲ್ಲಿ ಮಾತ್ರ ಗೆರೆ ಅಡ್ಡಾದಿಡ್ಡಿ ಜಿಗಿಯುತ್ತಿತ್ತು.

ಇನ್ನೊಮ್ಮೆ ಬಿಡಿಸಲು ಹೇಳಿ ಬಗ್ಗಿ ನೋಡಿದೆ. ತೋರುಬೆರಳು ಬಳ್ಳಿ ಎಳೆಯುವಾಗ ಕಿರುಬೆರಳು ಪರದೆಯ ಮೇಲೆ ಮೆಲ್ಲಗೆ ಊರಿಕೊಂಡಿತ್ತು. ಆ ಹಗುರ ಸ್ಪರ್ಶ ನನ್ನ ಫೋನಿಗೆ ತಿಳಿದಿರಲಿಲ್ಲ. ಅವರ ಫೋನಿಗೆ ತಿಳಿಯುತ್ತಿತ್ತು, ಆ್ಯಪ್ ಎರಡೂ ಬೆರಳನ್ನು ಸೇರಿಸಿ ಗೆರೆ ಎಳೆಯುತ್ತಿತ್ತು.

“ಕೈ ನಡುಗಬಾರದು ಅಂತ ಊರ್ತೀರಾ, ಖಾಲಾ?”

“ನನ್ನ ಕೈ ಯಾಕೆ ನಡುಗ್ತೈತೆ? ನಡುಗೋದು ಮದುವೆ ಹುಡುಗಿ ಕೈ. ಅಂಗೈ ಮೇಲೆ ಹಿಂಗೆ ಬೆರಳು ಊರಿದ್ರೆ ಆ ಮಗೂಗೆ ಧೈರ್ಯ ಬರ್ತೈತೆ. ಅದೇ ರೂಢಿ ಆಗೈತೆ.”

ಊರಿದ ಬೆರಳನ್ನು ಬಿಟ್ಟು ಗೆರೆ ಎಳೆಯುವ ಬೆರಳನ್ನಷ್ಟೇ ಗಮನಿಸುವಂತೆ ಆ್ಯಪ್ ತಿದ್ದಿದೆ. ಈಗ ಯಾವ ಫೋನಿನಲ್ಲೂ ಗೆರೆ ಹಾರುವುದಿಲ್ಲ. ಹೀಗೆ ಲೆಕ್ಕಕ್ಕೆ ಹಿಡಿಯಬಾರದ ಬೆರಳನ್ನು ನಮ್ಮ ಕೆಲಸದಲ್ಲಿ ‘ಬೇಡದ ಸ್ಪರ್ಶ’ ಎನ್ನುತ್ತೇವೆ. ಕೋಡ್‌ನಲ್ಲಿ ಹಾಗೆ ಬರೆಯಲು ಮನಸ್ಸು ಬರಲಿಲ್ಲ. ‘ಖಾಲಾ ಬೆರಳು’ ಎಂದು ಬರೆದೆ.